ಬಾಗಿಲಲ್ಲಿ ನಿಲ್ಲುವವನು

ನಮ್ಮವ್ವ ಮನೆ ಬಿಟ್ಟು ತವರಿಗೆ ಹೋದದ್ದು ದೇವರಿಗಾಗಿ ಅಲ್ಲ, ಬಾಗಿಲಿಗಾಗಿ. ದೇವರ ಜಗಲಿಯ ಮೇಲೆ ಟಿವಿ ಇಟ್ಟದ್ದಕ್ಕೆ ಸಿಟ್ಟಾಗಿ ಹೋದಳು ಎಂದು ಓಣಿಯವರೆಲ್ಲ ಅಂದರು. ಅಪ್ಪನೂ ಹಾಗೇ ತಿಳಿದಿದ್ದ. ತಪ್ಪು. ಅವ್ವನಿಗೆ ದೇವರ ಹುಚ್ಚು ಅಷ್ಟೇನೂ ಇರಲಿಲ್ಲ. ದೀಪ ಹಚ್ಚುತ್ತಿದ್ದಳು, ಕೈ ಮುಗಿಯುತ್ತಿದ್ದಳು, ಬೆನ್ನು ತಿರುಗಿಸಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅಷ್ಟೇ.

ಗಂಗಾವತಿಯಲ್ಲಿ ನಮ್ಮದು ಸಾಲುಮನೆ. ಎಡಕ್ಕೂ ಬಲಕ್ಕೂ ಬೇರೆಯವರ ಗೋಡೆ. ಹಿಂದೆ ಒಂದು ಸಂದಿ, ಸಂದಿಯಲ್ಲಿ ಗಟಾರ. ಮುಂದೆ ಪಡಸಾಲೆ, ಪಡಸಾಲೆಯ ಗೋಡೆಗೆ ದೇವರ ಜಗಲಿ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಬಚ್ಚಲು. ಮುಗಿಯಿತು ಮನೆ. ಬಾಗಿಲು ಒಂದೇ, ಅದು ಪಡಸಾಲೆಗೆ. ಅವ್ವ ಇರಕಲ್ಲಗಡದವಳು. ಅವಳ ತವರಿನಲ್ಲಿ ಅಂಗಳ, ಹಿತ್ತಲು, ದನದ ಕೊಟ್ಟಿಗೆ, ಎಲ್ಲಿಂದ ಬೇಕಾದರೂ ಒಳಗೆ ಬಂದು ಎಲ್ಲಿಂದ ಬೇಕಾದರೂ ಹೊರಗೆ ಹೋಗಬಹುದು. ಇಲ್ಲಿಗೆ ಬಂದ ಮೇಲೆ ಅವಳಿಗೆ ಸಿಕ್ಕದ್ದು ಬಾಗಿಲ ಮುಂದಿನ ಕಟ್ಟೆ ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಅಲ್ಲಿ ಕೂಡುತ್ತಿದ್ದಳು. ಎದುರು ಮನೆಯ ಗೌರಕ್ಕ ತನ್ನ ಮೊರ ತಂದು ಪಕ್ಕದಲ್ಲಿ ಕೂಡುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಇಬ್ಬರೂ ಊರ ಮಂದಿಯನ್ನೆಲ್ಲ ಆರಿಸಿ ಬಿಸಾಕುತ್ತಿದ್ದರು. ಅಕ್ಕಿ ಗಿರಣಿಗಳ ಊರು, ಅಕ್ಕಿಗೂ ಮಾತಿಗೂ ಬರ ಇರಲಿಲ್ಲ. ನಾನು ಅವ್ವನಿಗೆ ಒಬ್ಬಳೇ ಮಗಳು. ಅವರ ಕಾಲಿನ ಹತ್ತಿರ ಕೂತು ಕೇಳಬಾರದ್ದನ್ನೆಲ್ಲ ಕೇಳಿ ದೊಡ್ಡವಳಾದೆ.

ಅಪ್ಪ ಗಿರಣಿಯಲ್ಲಿ ಚೀಲ ತೂಗುತ್ತಿದ್ದ. ತೌಡಿನ ಧೂಳು ಎದೆಗೆ ಹಿಡಿದು ಕೆಮ್ಮು ಬಿಡದಾದಾಗ, ಕೂತು ಮಾಡುವ ಕೆಲಸ ಬೇಕು ಎಂದು ಹೊಸಪೇಟೆಗೆ ಹೋಗಿ ವಿಡಿಯೊ ಗೇಮಿನ ಪೆಟ್ಟಿಗೆ ತಂದ, ರೊಕ್ಕ ತೆಗೆದುಕೊಂಡು ಮಂದಿಗೆ ಮನೆಯಲ್ಲೇ ಆಡಿಸಲು. ಟಿವಿಗೆ ತಂತಿ ಸಿಗಿಸಿ, ಕೈಯಲ್ಲಿ ಗುಂಡಿಗಳಿದ್ದ ತುಂಡೊಂದನ್ನು ಹಿಡಿದು ಆಡುವುದು. ಆ ತುಂಡಿಗೆ ಎಲ್ಲರೂ ರಿಮೋಟ್ ಅನ್ನುತ್ತಿದ್ದರು, ಪೆಟ್ಟಿಗೆಯ ತಲೆಗೆ ತುರುಕುವುದಕ್ಕೆ ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂಬತ್ತರ ಪಕ್ಕ ಒಂಬತ್ತು ಬರೆದಿತ್ತು, ಓದಿದರೆ ಲಕ್ಷಗಟ್ಟಲೆ. ಅಷ್ಟೂ ಆಟ ಅದರಲ್ಲಿವೆ ಎಂದು ಅಪ್ಪ ನಂಬಿದ, ಬೋರ್ಡಿನ ಮೇಲೂ ಬರೆಸಿದ. ಆಮೇಲೆ ನಾನು ಒಂದೊಂದಾಗಿ ಹಚ್ಚಿ ನೋಡಿದೆ. ಕೈಬೆರಳಿನಲ್ಲಿ ಎಣಿಸುವಷ್ಟು ಆಟ. ಅವೇ ತಿರುಗಿ ತಿರುಗಿ ಬರುತ್ತವೆ, ಅಂಗಿಯ ಬಣ್ಣ ಮಾತ್ರ ಬೇರೆ.

“ಟಿವಿ ಎಲ್ಲಿ ಇಡ್ತೀರಿ?” ಎಂದು ಅವ್ವ ಕೇಳಿದಳು.

“ಜಗಲಿ ಮ್ಯಾಗ. ನೆಲಕ್ಕ ಕುಂತವರಿಗೆ ಸರಿಯಾಗಿ ಕಣ್ಣಿಗೆ ಬರ್ತೈತಿ.”

“ಮತ್ತ ದೇವ್ರು?”

“ಅಡಗಿಮನ್ಯಾಗ ಮಾಡ ಐತೆಲ್ಲ. ಒಲಿ ಮಗ್ಗಲಕ ಬೆಚ್ಚಗ ಇರ್ತಾವು.”

ಅವ್ವ ನಕ್ಕಳು. ತಾನೇ ದೇವರನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಹೋಗಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಕೂರಿಸಿದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅವಳಿಗೆ ದೇವರ ಸಿಟ್ಟು ಇರಲಿಲ್ಲ. ಓಣಿಯವರು ಕತೆ ಕಟ್ಟಿದ್ದು ಹುಸೇನಿಯನ್ನು ನೋಡಿ. ಹುಸೇನಿ ಗಿರಣಿಯ ಹಮಾಲ, ಮದುವೆಯಾದ ಗಂಡಸು, ಆಟಕ್ಕೆ ಕೂತರೆ ಹಸುಗೂಸು. ಬಂದ ಕೂಡಲೇ ಜಗಲಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಆಮೇಲೆ ರಿಮೋಟಿಗೆ ಕೈ ಹಚ್ಚುತ್ತಿದ್ದ.

“ಹುಸೇನಿ, ದೇವ್ರು ಅಲ್ಲಿಲ್ಲಪ್ಪೋ, ಒಲಿಗೆ ಮೈ ಕಾಸಾಕ ಹೋಗ್ಯಾವು,” ಎಂದು ಅವ್ವ ಒಳಗಿಂದ ಕೂಗುತ್ತಿದ್ದಳು.

“ಇರ್ಲಿ ಬಿಡ್ರಿ ಅಕ್ಕಾರ, ಜಗಲಿ ಇಲ್ಲೇ ಐತೆಲ್ಲ.”

ಅವನನ್ನು ನೋಡಿ ಉಳಿದ ಹುಡುಗರೂ ಮುಟ್ಟತೊಡಗಿದರು. ಬೀದಿಯಲ್ಲಿ ನಿಂತು ನೋಡಿದವರಿಗೆ ಟಿವಿಗೇ ಕೈ ಮುಗಿದಂತೆ ಕಾಣುತ್ತಿತ್ತು.

ನಡೆದದ್ದು ಬೇರೆ. ಪಡಸಾಲೆ ತುಂಬ ಗಂಡಸರು. ಕಟ್ಟೆಯ ಮೇಲೆ ಪಾಳಿಗೆ ಕಾದವರು, ಕಟ್ಟೆಯ ಕೆಳಗೆ ಅವರ ಚಪ್ಪಲಿ. ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವವರೆಗೆ ಹಾಗೇ. ಅವ್ವ ಮೊರ ಹಿಡಿದು ಅಡುಗೆಮನೆಯ ಪರದೆಯ ತನಕ ಬಂದು, ನಿಂತು, ತಿರುಗಿ ಹೋಗುತ್ತಿದ್ದಳು. ಗೌರಕ್ಕ ಎದುರು ಮನೆಯಲ್ಲಿ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು. ಇನ್ನೊಂದು ಮಾತಿದೆ, ಅದನ್ನು ಯಾರೂ ಬರೆಯುವುದಿಲ್ಲ. ನಮ್ಮ ಓಣಿಯಲ್ಲಿ ಆಗ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಚರಿಗೆಯಲ್ಲಿ ನೀರು ತುಂಬಿಕೊಂಡು ಕಾಲುವೆಯ ಕಡೆಗೆ ಹೋಗಬೇಕು. ಅಷ್ಟು ಗಂಡಸರ ಮುಂದೆ, ಟಿವಿಯ ಮುಂದಿನಿಂದ, ಚರಿಗೆ ಹಿಡಿದ ಹೆಂಗಸು ಹೇಗೆ ದಾಟುತ್ತಾಳೆ? ಒಮ್ಮೆ ಅವ್ವ ದಾಟಿದಳು. ಆಟದಲ್ಲಿದ್ದ ಹುಡುಗನೊಬ್ಬ, “ಸರೀರಿ, ಸರೀರಿ, ಸಾಯ್ತೀನಿ ನಾ!” ಎಂದು ಒದರಿದ. ಎಲ್ಲರೂ ನಕ್ಕರು. ಅವಳನ್ನು ನೋಡಿ ಅಲ್ಲ, ಅವನನ್ನು ನೋಡಿಯೇ ನಕ್ಕರು. ಆದರೆ ಅವಳ ಕೈಯಲ್ಲಿ ಚರಿಗೆ ಇತ್ತು. ಅಂದಿನಿಂದ ಅವಳು ಹಗಲು ನೀರು ಕುಡಿಯುವುದನ್ನೇ ಬಿಟ್ಟಳು.

ಹೋಳಿಯ ಮರುದಿನ ಬಟ್ಟೆ ಗಂಟು ಕಟ್ಟಿದಳು. “ನಾಕ್ ದಿನ ಇದ್ದು ಬರ್ತೀನಿ. ಅಪ್ಪಗ ಬಿಸಿ ರೊಟ್ಟಿ ಮಾಡಿ ಹಾಕು,” ಅಂದಳು. ಉಗಾದಿ ಬಂತು, ಹೋಯಿತು. ಸಾಲಿ ಸೂಟಿ ಬಿಟ್ಟಿತು, ಮತ್ತೆ ತೆರೆಯಿತು. ನನ್ನದು ಏಳನೆಯ ಇಯತ್ತೆ ಮುಗಿದಿತ್ತು. ಎಂಟನೆಯದಕ್ಕೆ ಹೆಸರು ಹಚ್ಚುವುದು ಅವ್ವ ಬಂದ ಮೇಲೆ ಎಂದು ಅಪ್ಪ ಹೇಳಿದ. ಹಚ್ಚಲೇ ಇಲ್ಲ.

ಈಗ ಪರದೆಯ ಹಿಂದೆ ನಾನು. ಉಗಾದಿಗೆ ಹೋಳಿಗೆ ಮಾಡಿದೆ, ಎಲ್ಲವೂ ಹರಿದವು. ಅಪ್ಪ ಗಿರಾಕಿಗಳ ನಡುವೆ ನಿಂತುಕೊಂಡೇ ತಿಂದ. ಹುಸೇನಿಯೂ ತಿಂದು, “ಹರದ್ರೇನಾತು ತಂಗೆವ್ವಾ, ಹೊಟ್ಯಾಗ ಹೋದ ಮ್ಯಾಗ ಎಲ್ಲಾ ಹರಿಯೂದ,” ಅಂದ. ನಾನು ಒಲೆಯ ಮುಂದೆ ಕೂತು ಉಳಿದದ್ದನ್ನು ತಿಂದೆ. ಗೋಡೆಯ ಆಚೆ ಅಷ್ಟು ಮಂದಿ ಕೂಗುತ್ತಾರೆ, ಗುಂಡು ಹಾರುತ್ತದೆ, ಯಾರೋ ಗೆಲ್ಲುತ್ತಾರೆ. ಈಚೆ ನಾನು, ಮಾಡದಲ್ಲಿ ಹೊಗೆ ಹಿಡಿದು ಕಪ್ಪಾದ ದೇವರು. ಅವರೂ ಮಾತಾಡುವವರಲ್ಲ. ಇಡೀ ದಿನ ನನ್ನ ಬಾಯಿಂದ ಬಂದದ್ದು “ರೊಟ್ಟಿ ಆಗ್ಯಾವು” ಎಂಬುದೊಂದೇ ಮಾತು, ಎಷ್ಟೋ ದಿನ ಹಾಗೇ ಕಳೆದವು.

ಮಧ್ಯಾಹ್ನ ಅಪ್ಪ ಉಂಡು, ಪಾಳಿಯವರನ್ನು ಕಟ್ಟೆಯ ಮೇಲೆಯೇ ಕೂರಿಸಿ, ಬಾಗಿಲು ಹಾಕಿ ಸ್ವಲ್ಪ ಹೊತ್ತು ಮಲಗುತ್ತಿದ್ದ. ಆಗ ಟಿವಿ ನನ್ನದು. ದನಿ ಪೂರಾ ಇಳಿಸಿ ಆಡುತ್ತಿದ್ದೆ. ಇಂಗ್ಲಿಷ್ ಓದಲು ಬರದ್ದರಿಂದ ಆಟಗಳಿಗೆ ನಾವೇ ಹೆಸರಿಟ್ಟಿದ್ದೆವು. ಆ ಆಟಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಆಗ ಯಾರೂ ಕೇಳಲಿಲ್ಲ, ಈಗ ಹೇಳುತ್ತೇನೆ.

ಹುಡುಗರು ಬಡಿದಾಡಿಕೊಂಡು ಆಡುತ್ತಿದ್ದದ್ದು ಕಾಡಿನ ಬಂದೂಕಿನ ಆಟ. ಅಂಗಿ ಇಲ್ಲದ ಇಬ್ಬರು ಗಂಡಸರು ಗುಂಡು ಹಾರಿಸುತ್ತ ಓಡುತ್ತಾರೆ. ಅದು ಇಬ್ಬರ ಆಟ. ನಾನು ಒಬ್ಬಳೇ ಇದ್ದರೂ ಇಬ್ಬರನ್ನೂ ಇಳಿಸುತ್ತಿದ್ದೆ, ಜೊತೆಗೆ ಇರಲಿ ಎಂದು. ನಾನು ಓಡಿದರೆ ಎರಡನೆಯವನು ಇದ್ದಲ್ಲೇ ನಿಂತು ಸಾಯುತ್ತಿದ್ದ. ಮತ್ತೆ ಹುಟ್ಟುತ್ತಿದ್ದ, ಮತ್ತೆ ನಿಂತು ಸಾಯುತ್ತಿದ್ದ. ಅವನ ಜೀವಗಳೆಲ್ಲ ಮುಗಿದ ಮೇಲೆ ಆಟ ಹಗುರಾಗುತ್ತಿತ್ತು, ಆದರೆ ಆಡಲು ಮನಸ್ಸಾಗುತ್ತಿರಲಿಲ್ಲ. ಆ ಆಟದಲ್ಲಿ ಬುದ್ಧಿ ಇಲ್ಲ. ಮುಂದೆ ಕಂಡದ್ದನ್ನೆಲ್ಲ ಸುಡುವುದು. ಇವನು ಯಾರು, ಅವರು ಯಾಕೆ ಸಾಯಬೇಕು, ಯಾರೂ ಹೇಳುವುದಿಲ್ಲ.

ಟ್ಯಾಂಕಿನ ಆಟ ಅದಕ್ಕಿಂತ ಛಲೋ. ಇಟ್ಟಿಗೆಯ ಗೋಡೆಯೊಳಗೆ ನಿನ್ನದೊಂದು ಮನೆ ಇರುತ್ತದೆ, ಅದನ್ನು ಕಾಯಬೇಕು. ಶತ್ರುಗಳು ನಾಲ್ಕೂ ಕಡೆಯಿಂದ ಬರುತ್ತಾರೆ. ಆದರೆ ನಾನು ಪರದೆಯ ಸಂದಿನಿಂದ ನೋಡಿದ್ದೇನೆ, ಸೋತವರಲ್ಲಿ ಅರ್ಧ ಮಂದಿ ತಮ್ಮ ಗುಂಡಿನಿಂದಲೇ ತಮ್ಮ ಮನೆ ಒಡೆದುಕೊಂಡವರು. ಅಪ್ಪನಂತೂ ಯಾವಾಗ ಆಡಿದರೂ ಹಾಗೇ ಸೋಲುತ್ತಿದ್ದ. ಸೋತ ಮೇಲೆ ರಿಮೋಟ್ ಸರಿಯಿಲ್ಲ ಅನ್ನುತ್ತಿದ್ದ. ಮೊಸಳೆಯ ಹೊಂಡ ಜಿಗಿಯುವ ಆಟ ಕೂಸುಗಳದ್ದು. ಒಮ್ಮೆ ಕಾಲಿಗೆ ಲೆಕ್ಕ ಸಿಕ್ಕರೆ ಕಣ್ಣು ಮುಚ್ಚಿಯೂ ಆಡಬಹುದು.

ಈಗಿನವು ಬೇರೆ. ನನ್ನ ತಲೆ ಇನ್ನೂ ಪೂರಾ ಬೆಳ್ಳಗಾಗಿಲ್ಲ, ಆದರೂ ಅಜ್ಜಿಯಾಗಿದ್ದೇನೆ. ನಮ್ಮ ಕಾಲದಲ್ಲಿ ಬೇಗ ಮದುವೆ ಮಾಡುತ್ತಿದ್ದರು, ನನ್ನ ಮಗಳಿಗೂ ಬೇಗ ಆಯಿತು. ಮೊಮ್ಮಗಳು ಫೋನಿನಲ್ಲಿ ಓಡುವ ಆಟ ಆಡುತ್ತಾಳೆ. ಹಿಂದೆ ಒಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಮುಂದೆ ರೈಲು ಬರುತ್ತದೆ, ಓಡುತ್ತಲೇ ಇರಬೇಕು. ಅದಕ್ಕೆ ಕೊನೆಯೇ ಇಲ್ಲ. ಕೊನೆ ಇಲ್ಲದ್ದು ಆಟ ಅಲ್ಲ, ಅದು ಕೂಲಿ. ಅಳಿಯ ಆಡುವ ಆಟದಲ್ಲಿ ಮಂದಿ ಕೊಡೆ ಬಿಚ್ಚಿಕೊಂಡು ಆಕಾಶದಿಂದ ಇಳಿದು ಒಬ್ಬರನ್ನೊಬ್ಬರು ಸುಡುತ್ತಾರೆ. ಚಿತ್ರ ಚಂದ ಇದೆ. ಹೊಲ, ಮನೆ, ಬಾಗಿಲು ಎಲ್ಲ ಖರೆ ಇದ್ದಂತೆ. ಆದರೆ ಒಳಗೆ ಹೊಕ್ಕರೆ ಒಂದು ಮನೆಯಲ್ಲೂ ಒಲೆ ಇಲ್ಲ. ನಾನು ಕೇಳಿದೆ, “ಈ ಮನ್ಯಾಗ ಯಾರು ಇರ್ತಾರಪ್ಪ?” ಅಳಿಯ, “ಯಾರೂ ಇರೂದಿಲ್ರಿ ಅತ್ತಿ, ಬರೇ ಅಡಗಿಕೊಳ್ಳಾಕ ಅವು,” ಅಂದ. ಅಂಥ ಊರು ನನಗೆ ಬೇಡ.

ನನಗೆ ಸೇರಿದ್ದು ಕೋಟೆಯ ಆಟ ಒಂದೇ. ಗಿರಾಕಿಗಳು ಅದನ್ನು ಮುಟ್ಟುತ್ತಿರಲಿಲ್ಲ. “ಹೊಡಿಯೂದಿಲ್ಲ, ಬಡಿಯೂದಿಲ್ಲ, ಬರೇ ಬಾಗಲಾ ಹುಡಕ್ಕೊಂತ ತಿರಗೂದು,” ಎಂದು ಹುಸೇನಿ ಬೈಯುತ್ತಿದ್ದ. ಕೈಯಲ್ಲಿ ದೀಪ ಹಿಡಿದ ಒಂದು ಸಣ್ಣ ಆಕೃತಿ, ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಹೆಣ್ಣು ಎಂದು ನಾನು ಹಿಡಿದಿದ್ದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕು. ಒಂದು ಕಡೆ ಬೀಗದ ಕೈ, ಒಂದು ಕಡೆ ಹಗ್ಗ, ಒಂದು ಕಡೆ ನೀರು. ಅವಸರ ಇಲ್ಲ. ನೆನಪಿಟ್ಟುಕೊಳ್ಳಬೇಕು. ಕರೆಂಟು ಹೋದರೆ ಎಲ್ಲ ಮೊದಲಿನಿಂದ, ಆದರೂ ನನಗೆ ಬೇಜಾರಾಗುತ್ತಿರಲಿಲ್ಲ, ಹೊಕ್ಕ ಕೋಣೆಗಳನ್ನೇ ಮತ್ತೆ ಹೊಕ್ಕರೆ ಪರಿಚಯದವರ ಮನೆಗೆ ಹೋದಂತೆ. ಎಲ್ಲ ದಾಟಿ ಹೋದರೆ ಕೊನೆಗೊಂದು ಕೋಣೆ. ಅದಕ್ಕೆ ಬಾಗಿಲು ಒಂದೇ. ನೀನು ಒಳಗೆ ಹೋದ ಕೂಡಲೇ ದಪ್ಪ ಮೀಸೆಯವನೊಬ್ಬ ಬಂದು ಆ ಬಾಗಿಲಲ್ಲಿ ನಿಲ್ಲುತ್ತಾನೆ. ಹೊಡೆಯುವುದಿಲ್ಲ, ಒದೆಯುವುದಿಲ್ಲ, ಕತ್ತಿ ಎತ್ತುವುದಿಲ್ಲ. ನಿಲ್ಲುತ್ತಾನೆ. ನೀನು ಹೊರಗೆ ಹೋಗುವಂತಿಲ್ಲ. ಅವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಗೌರಕ್ಕ ಒಂದು ದಿನ ಅಪ್ಪನನ್ನು ಬೀದಿಯಲ್ಲೇ ಹಿಡಿದು ಬೈದಳು. “ದೇವ್ರನ್ನ ಒಲಿಗೆ ಹಾಕಿ ಹೆಂಡ್ತಿ ಬರ್ಲಿ ಅಂದ್ರ ಹ್ಯಾಂಗ ಬರ್ತಾಳೋ ವೀರಣ್ಣ?” ಅಪ್ಪನಿಗೆ ಅದು ನಾಟಿತು. ಮರುದಿನವೇ ಜಗಲಿಯ ಮೇಲಿನ ಟಿವಿಯನ್ನು ಇಳಿಸಿ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಇಟ್ಟ. ದೇವರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ ಜಗಲಿಯ ಮೇಲೆ ಇಟ್ಟ. ಅಂಗಡಿ ಮುಚ್ಚಿ, ನನ್ನನ್ನು ಕರೆದುಕೊಂಡು ಇರಕಲ್ಲಗಡದ ಬಸ್ಸು ಹತ್ತಿದ.

ಅವ್ವ ಅಂಗಳದಲ್ಲಿ ಹೆಂಗಸರ ನಡುವೆ ಕೂತು ಸೇಂಗಾ ಸುಲಿಯುತ್ತಿದ್ದಳು. ಯಾವುದೋ ಮಾತಿಗೆ ತಲೆ ಹಿಂದೆ ಚೆಲ್ಲಿ ನಗುತ್ತಿದ್ದಳು. ಮೈಕೈ ತುಂಬಿಕೊಂಡಿದ್ದಳು. ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನಿಲ್ಲದೆ ಅವಳಿಗೆ ಏನೂ ಕೊರತೆಯಾಗಿಲ್ಲ ಅನ್ನಿಸಿತು. ಅವಳು ನನ್ನ ಗದ್ದ ಹಿಡಿದು, “ಸೊರಗೀದಿ,” ಅಂದಳು. ಮೊಸರು ಕಲಸಿದ ಅನ್ನ ತಂದು ಕೊಟ್ಟು, ನಾನು ಉಣ್ಣುವವರೆಗೆ ಪಕ್ಕದಲ್ಲೇ ಕೂತಳು.

ಅಪ್ಪ ಕಂಬಕ್ಕೆ ಒರಗಿ ನಿಂತು, “ದೇವ್ರನ್ನ ಜಗಲಿ ಮ್ಯಾಗ ಇಟ್ಟೀನಿ. ತಿಕ್ಕಿ ಇಟ್ಟೀನಿ,” ಅಂದ.

“ಛಲೋ ಆತು,” ಅಂದಳು ಅವ್ವ.

“ಮತ್ತ ನಡಿ.”

“ದೇವ್ರಿಗೆ ಜಾಗಾ ಆತು. ನಾ ಬಂದು ಎಲ್ಲಿ ಕುಂದ್ರಲಿ?”

ಅಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. “ಒಂದು ಕುರ್ಚಿ ತರ್ತೀನಿ,” ಅಂದ.

ಸೇಂಗಾ ಸುಲಿಯುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಅವ್ವ ನಗಲಿಲ್ಲ. ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ, ಖರೇನೇ ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಮತ್ತೆ ಸೇಂಗಾಕ್ಕೆ ಕೈ ಹಾಕಿದಳು.

“ಅವ್ವಾ, ಬರೂದೇ ಇಲ್ಲೇನಬೇ?” ಎಂದು ನಾನು ಕೇಳಿದೆ.

“ನೀ ಇಲ್ಲೇ ಇರು ಬಾ,” ಅಂದಳು.

“ಅಪ್ಪಗ ರೊಟ್ಟಿ?”

ಅವ್ವ ಸುಲಿದ ಸೇಂಗಾ ಒಂದು ಬೊಗಸೆ ನನ್ನ ಕೈಗೆ ಸುರಿದಳು. ನಾನು ಬಸ್ಸು ಹತ್ತಿದೆ. ಗಂಗಾವತಿಯಲ್ಲಿ ಇಳಿದ ಕೂಡಲೇ ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಂಡು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ನಡೆದ. ಅಡುಗೆಮನೆಯಲ್ಲಿ ಒಲೆಗೂ ಬಚ್ಚಲಿಗೂ ನಡುವೆ ಇಟ್ಟ. ಒಮ್ಮೆ ತಾನೇ ಕೂತು ನೋಡಿ, “ಗಟ್ಟಿ ಐತಿ. ಕುರ್ಚಿ ಬಂದೈತಿ ಅಂತ ಹೇಳಿ ಕಳಸ್ತೀನಿ,” ಅಂದ.

ಅಂಗಡಿ ಆ ದಿನ ಮುಚ್ಚಿದ್ದರಿಂದ ಸಂಜೆಯವರೆಗೂ ಟಿವಿ ನನ್ನದೇ. ಅಪ್ಪ ಚಹಾ ಕುಡಿಯಲು ಹೋದ. ನಾನು ಕೋಟೆಯ ಆಟ ಹಚ್ಚಿದೆ. ಬೀಗದ ಕೈ, ಹಗ್ಗ, ನೀರು, ಎಲ್ಲ ದಾಟಿ ಆ ಕೋಣೆಗೆ ಬಂದೆ. ಮೀಸೆಯವನು ಬಂದು ನಿಂತ. ಗುಂಡಿಗಳನ್ನೆಲ್ಲ ಒತ್ತಿದೆ. ಅವನು ನಿಂತೇ ಇದ್ದ. ರಿಮೋಟ್ ನೆಲಕ್ಕಿಟ್ಟು ನಾನೂ ಅವನನ್ನು ನೋಡುತ್ತ ಕೂತೆ. ದೀಪ ಹಿಡಿದವಳು ಕೋಣೆಯ ನಡುವೆ, ಅವನು ಬಾಗಿಲಲ್ಲಿ. ಅವಳಿಗೆ ಕೂಡಲು ಜಾಗ ಬೇಕಾದಷ್ಟಿತ್ತು, ಬೇಕಾದರೆ ಕುರ್ಚಿಯನ್ನೂ ಹಾಕಬಹುದಿತ್ತು. ಆಗ ನನಗೆ ಅವ್ವನ ಮಾತು ತಿಳಿಯಿತು. ಇನ್ನೊಂದೂ ತಿಳಿಯಿತು. ಈ ಮನುಷ್ಯ ಏನೂ ಮಾಡುತ್ತಿಲ್ಲ. ಬಾಗಿಲಲ್ಲಿ ಇದ್ದಾನೆ, ಅದಕ್ಕೇ ಇಡೀ ಕೋಟೆ ಅವನದು. ಆ ಆಟವನ್ನು ನಾನು ಕೊನೆಗೂ ಮುಗಿಸಲಿಲ್ಲ. ಟಿವಿ ಆರಿಸಿದೆ.

ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಎದ್ದು, ಬಾಗಿಲು ತೆರೆದು, ಹೊಸ್ತಿಲ ಮೇಲೆ ಕೂತೆ. ಮೊರದ ತುಂಬ ಅಕ್ಕಿ ತುಂಬಿ ಮಡಿಲಲ್ಲಿ ಇಟ್ಟುಕೊಂಡೆ. ಎರಡೂ ಮಗ್ಗುಲಲ್ಲಿ ಅಕ್ಕಿಯ ಡಬ್ಬಿ ಇಟ್ಟೆ. ಸಂದು ಉಳಿಯಲಿಲ್ಲ. ನಮ್ಮ ಕಡೆ ಕೂತವರನ್ನು ಯಾರೂ ದಾಟುವುದಿಲ್ಲ, ಅಕ್ಕಿಯನ್ನಂತೂ ಸತ್ತರೂ ದಾಟುವುದಿಲ್ಲ.

ಮೊದಲು ಬಂದವನು ಹುಸೇನಿ, ಗಿರಣಿಗೆ ಹೋಗುವ ಮೊದಲು ಒಂದು ಆಟ ಆಡಲು. ಚಪ್ಪಲಿ ಬಿಟ್ಟ, ಕಾಲು ಎತ್ತಿದ, ಅಕ್ಕಿ ನೋಡಿ ಇಳಿಸಿದ.

“ಸರಿ ತಂಗೆವ್ವಾ.”

“ದಾಟಿ ಹೋಗು.”

“ಅಕ್ಕಿ ಐತೆಲ್ಲಬೇ!”

“ಹೌದು, ಐತಿ.”

ಅವನ ಹಿಂದೆ ಹುಡುಗರು ಬಂದು ಸೇರಿದರು. ಒಬ್ಬನೂ ಒಳಗೆ ಹೋಗಲಿಲ್ಲ. ಗೌರಕ್ಕ ಎದುರಿನಿಂದ, “ಹೊಸ್ತಿಲ ಮ್ಯಾಗ ಕುಂದರಬಾರದಲೇ ನೀಲಿ, ಮನಿಗೆ ಛಲೋ ಅಲ್ಲ!” ಎಂದು ಕೂಗಿದಳು. ನಾನು ಏಳಲಿಲ್ಲ. ಗೌರಕ್ಕ ತನ್ನ ಮನೆಯೊಳಗೆ ಹೋಗಿ, ತನ್ನ ಮೊರ ತಂದು ನಮ್ಮ ಕಟ್ಟೆಯ ಮೇಲೆ ಕೂತಳು. ಹುಡುಗರು ಚಪ್ಪಲಿ ಸರಿಸಿ ಜಾಗ ಕೊಟ್ಟರು.

ಆಗ ಅಪ್ಪ ಒಳಗಿಂದ ಬಂದ. ಕೈಯಲ್ಲಿ ಚರಿಗೆ. ನನ್ನ ಬೆನ್ನ ಹಿಂದೆ ಬಂದು ನಿಂತ.

“ಏಳು, ಹೋಗಬೇಕು.”

ನಾನು ಕಲ್ಲು ಆರಿಸಿದೆ.

“ಏ ಹುಡುಗಿ, ಅವಸರ ಐತಿ!”

ಹೊರಗಿದ್ದವರೆಲ್ಲ ಅವನನ್ನೂ ನೋಡಿದರು, ಚರಿಗೆಯನ್ನೂ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಚರಿಗೆಯನ್ನು ಬೆನ್ನ ಹಿಂದೆ ಹಿಡಿದ.

“ಎಲ್ಲಿಂದ ಹೋಗ್ಲಲೇ ನಾ?”

“ಅವ್ವ ಎಲ್ಲಿಂದ ಹೋಗ್ತಿದ್ಲು?”

ಅಪ್ಪ ಹೊಡೆಯುತ್ತಾನೆ ಎಂದುಕೊಂಡು ಕುತ್ತಿಗೆ ಬಿಗಿ ಹಿಡಿದು ಕೂತೆ. ಹೊಡೆಯಲಿಲ್ಲ. ಹೆಜ್ಜೆಯ ಸಪ್ಪಳ ಒಳಗೆ ಹೋಯಿತು. ಕುರ್ಚಿ ಕಿರ್ರ್ ಎಂದಿತು. ಗೌರಕ್ಕ ನನ್ನ ಕಡೆ ನೋಡಿ, ಆರಿಸಿದ ಕಲ್ಲನ್ನು ಬೀದಿಗೆ ಎಸೆದಳು. ಬಿಸಿಲು ಕಟ್ಟೆಗೆ ಬಂತು. ಹುಸೇನಿಗೆ ಗಿರಣಿಯ ಹೊತ್ತಾಯಿತು, ಹೋದ. ಭಾಳ ಹೊತ್ತಿನ ಮೇಲೆ ಒಳಗಿಂದ ಅಪ್ಪನ ದನಿ ಬಂತು.

“ಹಿಂದಿನ ಗ್ವಾಡಿ ಒಡದು ಒಂದು ಬಾಗಲಾ ಇಡಸ್ಲೇನು ನಿಮ್ಮವ್ವಗ?”

“ಹಿಂದ ಗಟಾರ ಐತಿ.”

“ಮತ್ತ?”

“ಗಟಾರದ ಬಾಗಲಾ ಹುಡುಗ್ರಿಗೆ. ಇದು ಅವ್ವಂದು.”

ಒಳಗೆ ಕೆಮ್ಮು ಕೇಳಿಸಿತು. ಕುರ್ಚಿಯ ಸಪ್ಪಳ ಕೇಳಿಸಲಿಲ್ಲ, ಅವನು ಎದ್ದಿರಲಿಲ್ಲ. ನಾನೂ ಏಳಲಿಲ್ಲ. ಆರಿಸಿ ಮುಗಿದ ಅಕ್ಕಿಯನ್ನು ಡಬ್ಬಿಗೆ ಸುರಿದು, ಇನ್ನೊಂದು ಡಬ್ಬಿಯಿಂದ ಮೊರಕ್ಕೆ ಹಾಕಿಕೊಂಡೆ.